ಸೀರೆ ಅಂಗಡಿಯ ಗಾಜು

ಜೋಳದ ಹಿಟ್ಟಿನ ಮೇಲೆ ಕುದಿಯುವ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಹೋದ ಭಾನುವಾರ, ಆಕ್ಲೆಂಡಿನಿಂದ ದೂರದ ಊರಾದ ಹಾರ್ನ್‌ಬಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಅಡಿಗೆಮನೆಯಲ್ಲಿ ಆ ವಾಸನೆ ಎದ್ದಾಗ, ನನ್ನ ಫ್ಲಾಟ್‌ಮೇಟ್ ಕೇಟಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇರೆ ಹೊತ್ತಿನಲ್ಲೆಲ್ಲ ನಾನು ಗೋಡೆಗೋ ಕುರ್ಚಿಗೋ ಒರಗಿಕೊಂಡೇ ಇರುತ್ತೇನಂತೆ, ರೊಟ್ಟಿ ತಟ್ಟುವಾಗ ಮಾತ್ರ ಎಲ್ಲಿಯೂ ಆತುಕೊಳ್ಳದೆ ನೆಟ್ಟಗೆ ನಿಲ್ಲುತ್ತೇನಂತೆ, ಯಾಕೆ ಎಂದು ಕೇಳಿದಳು. ನಾನು ನಕ್ಕು ಹಿಟ್ಟು ನಾದತೊಡಗಿದೆ. ಉತ್ತರ ಹೇಳಬೇಕಾದರೆ ಒಂದು ಇಡೀ ಚಳಿಗಾಲವನ್ನು ಹೇಳಬೇಕು. ಅಷ್ಟರಲ್ಲಿ ಹಿಟ್ಟು ಆರಿಹೋಗುತ್ತಿತ್ತು.

ಅದು 2014ರ ಚಳಿಗಾಲ. ಇಲ್ಲಿ ಚಳಿ ಇರುವುದು ಮೇ ತಿಂಗಳಿಂದ ಆಗಸ್ಟಿನವರೆಗೆ. ನನಗೆ ಆಗ ಹದಿನೈದು. ನಮ್ಮ ಮನೆ ಆಕ್ಲೆಂಡಿನ ಪಾಪಟೊಯ್ಟೊಯಿಯಲ್ಲಿ, ರೈಲು ಹಳಿಯಿಂದ ಎರಡು ಬೀದಿ ಆಚೆ ಇತ್ತು. ಆಗಿನ್ನೂ ಡೀಸೆಲ್ ರೈಲು. ಅದು ಹೋದರೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಮನೆಯಲ್ಲಿ ಮೂವರು. ಅವ್ವ ಗದಗದಲ್ಲಿ ನರ್ಸಿಂಗ್ ಕಲಿತವಳು, ಇಲ್ಲಿ ವೃದ್ಧರ ರೆಸ್ಟ್ ಹೋಮ್ ಒಂದರಲ್ಲಿ ನರ್ಸ್. ಪಪ್ಪ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ನಾನು ಎಂಟನೇ ವಯಸ್ಸಿಗೆ ಇಲ್ಲಿಗೆ ಬಂದವಳು. ಶನಿವಾರ ಬೆಳಿಗ್ಗೆ ಅವ್ವ ಕೂರಿಸಿಕೊಂಡು ಕಲಿಸಿದ ಕನ್ನಡದಲ್ಲಿ ದಿನಚರಿ ಬರೆಯುತ್ತಿದ್ದೆ, ಶಾಲೆಯಲ್ಲಿ ಯಾರ ಕೈಗೆ ಸಿಕ್ಕರೂ ಅವರಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ. ತಾರೀಖು, ಮಳೆಯೋ ಬಿಸಿಲೋ, ಏನು ಉಂಡೆವು, ಯಾವ ರೈಲು ತಡ. ಬರೆದಿಡುವ ಗುಣ ಅವ್ವನದು. ಡ್ಯೂಟಿ ಮುಗಿಸಿ ಬರುವ ಮುನ್ನ ಪ್ರತಿ ಅಜ್ಜ ಅಜ್ಜಿಯ ಉಸಿರು, ಊಟ, ನಿದ್ದೆ ಎಲ್ಲವನ್ನೂ ಬರೆದಿಟ್ಟೇ ಅವಳು ಕೋಟು ಹಾಕಿಕೊಳ್ಳುತ್ತಿದ್ದಳು.

ಮೇ ತಿಂಗಳ ಆರಂಭದಲ್ಲಿ ನನಗೆ ಜ್ವರ ಬಂದು ಹೋಗಿತ್ತು. ಮೇ 14, ಬುಧವಾರ. ಶಾಲೆಯ ನೆಟ್‌ಬಾಲ್ ಅಂಗಳದಲ್ಲಿ ಚೆಂಡು ಹಿಡಿಯಲು ತಿರುಗಿದೆ. ನಾನು ತಿರುಗಿದರೂ ಎಡಗಾಲು ನನ್ನ ಜೊತೆ ಬರಲಿಲ್ಲ. ಬಿದ್ದೆ. ಗೆಳತಿಯರು ಎಬ್ಬಿಸಿದರು, ಮತ್ತೆ ಬಿದ್ದೆ. ಸಂಜೆಯ ಹೊತ್ತಿಗೆ ಎರಡೂ ಕಾಲು ನನ್ನವಲ್ಲ ಅನಿಸತೊಡಗಿತ್ತು. ಜುಮುಗುಡುವುದಿಲ್ಲ, ನೋವಿಲ್ಲ. ಬೇರೆ ಯಾರದೋ ಕಾಲನ್ನು ನನ್ನ ಹೊದಿಕೆಯಡಿ ಇಟ್ಟುಹೋದಂತಿತ್ತು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ಬೆನ್ನಿನ ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು, ಬೆನ್ನುಹುರಿಯಿಂದ ನೀರು ತೆಗೆದರು. ಎಲ್ಲ ಸರಿಯಾಗಿತ್ತು. ಆಮೇಲೆ ಒಬ್ಬ ವೈದ್ಯರು ಬಂದು ಹಾಸಿಗೆಯ ತುದಿಯಲ್ಲಿ ಕುಳಿತು ನನ್ನ ಎಡ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟರು. ಕೆಳಕ್ಕೆ ಒತ್ತು ಎಂದರು. ಹಲ್ಲು ಕಚ್ಚಿ ಒತ್ತಿದೆ, ಏನೂ ಆಗಲಿಲ್ಲ. ಈಗ ಎಡಗಾಲನ್ನು ಮರೆತುಬಿಡು, ಬಲಗಾಲನ್ನು ಎತ್ತು ಎಂದು ಬಲ ತೊಡೆಯ ಮೇಲೆ ಇನ್ನೊಂದು ಕೈ ಇಟ್ಟು ತಡೆದರು. ನಾನು ಕಷ್ಟಪಟ್ಟು ಬಲಗಾಲು ಎತ್ತುತ್ತಿದ್ದಾಗ ಅವರು ಅವ್ವನನ್ನು ಕರೆದು, ಎಡ ಹಿಮ್ಮಡಿಯ ಕೆಳಗೆ ಕೈ ಇಟ್ಟು ನೋಡಲು ಹೇಳಿದರು. ಅವ್ವನ ಕಣ್ಣು ಅಗಲವಾಯಿತು. ಹಿಮ್ಮಡಿ ಅವಳ ಅಂಗೈಯನ್ನು ಗಟ್ಟಿಯಾಗಿ ಒತ್ತುತ್ತಿತ್ತು.

ಶಕ್ತಿ ಇದೆ, ನರಗಳಿಗೆ ಪೆಟ್ಟಾಗಿಲ್ಲ ಎಂದರು ವೈದ್ಯರು. ಬೇಕೆಂದು ಒತ್ತಲು ಹೋದಾಗ ಮಾತ್ರ ಮೆದುಳು ಹೇಳಿದ್ದು ಕಾಲಿಗೆ ತಲುಪುತ್ತಿಲ್ಲ. ಇದಕ್ಕೆ ಫಂಕ್ಷನಲ್ ಎನ್ನುತ್ತಾರೆ, ನಿಜವಾದ ಕಾಯಿಲೆ, ಈ ವಯಸ್ಸಿನ ಮಕ್ಕಳಲ್ಲಿ ನಾವು ನೋಡುತ್ತಿರುತ್ತೇವೆ, ಮನಃಶಾಸ್ತ್ರಜ್ಞರೂ ವ್ಯಾಯಾಮ ಮಾಡಿಸುವವರೂ ಸೇರಿ ಇದನ್ನು ಗುಣಪಡಿಸುತ್ತಾರೆ ಎಂದರು. ಯಾರೂ ಕೇಳದಿದ್ದರೂ, ಇವಳು ನಾಟಕ ಮಾಡುತ್ತಿಲ್ಲ ಎಂಬುದನ್ನೂ ಸೇರಿಸಿದರು.

ಕಾರಿನಲ್ಲಿ ಮನೆಗೆ ಹೊರಟೆವು. ಪಪ್ಪನೇ ಮಾತು ಶುರುಮಾಡಿದರು. "ಛಲೋ ಆತಲ್ಲ, ಏನೂ ಇಲ್ಲಂದ್ರು."

"ಏನೂ ಇಲ್ಲಂದ್ರ ಡಿಕ್ಕಿಯಾಗ ಗಾಲಿ ಕುರ್ಚಿ ಯಾಕ ಐತ್ರೀ?" ಎಂದಳು ಅವ್ವ.

ಗದಗಿಗೆ ಫೋನ್ ಮಾಡಿ ಹೇಳಲು ಅವಳಿಗೆ ಪದ ಸಿಗಲಿಲ್ಲ. "ನರದ ಬ್ಯಾನಿ" ಎಂದಳು. ಮರುದಿನ "ನರದ್ದಲ್ಲ" ಎಂದಳು. ಅಲ್ಲಿ ಚರ್ಚಿನಲ್ಲಿ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿದರು. ಪಕ್ಕದ ಮನೆಯ ನಸೀಮಾ ಆಂಟಿ ವಿಜಯಪುರದವರು, ಒಂದು ತಾಯತ ತಂದು ನನ್ನ ದಿಂಬಿನ ಕೆಳಗಿಟ್ಟು, "ಇರ್ಲಿ ಬೇಟಾ, ನಿಮ್ಮ ಏಸು ಏನೂ ಅನ್ನಂಗಿಲ್ಲ" ಎಂದರು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವ್ವ ಡ್ಯೂಟಿಗೆ ಹೋಗುವ ಮೊದಲು ನನ್ನ ಹಾಸಿಗೆಯ ಕಾಲದೆಸೆಗೆ ಬಂದು ಕುಳಿತಳು. ಆಗಷ್ಟೇ ತೊಳೆದು ಬಂದ ತಣ್ಣನೆಯ ಕೈ. ಹೊದಿಕೆ ಸರಿಸಿ ಎಡ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟಳು.

"ಒತ್ತು... ಆತು. ಈಗ ಬಲಗಾಲ ಎತ್ತು."

ವೈದ್ಯರು ತೋರಿಸಿದ್ದನ್ನೇ ಮಾಡುತ್ತಿದ್ದಳು. ಹಿಮ್ಮಡಿ ಒತ್ತಿತು, ಅವಳ ಮುಖ ಅರಳಿತು. ಮರುದಿನ ಬೆಳಿಗ್ಗೆ ಮತ್ತೆ ಮಾಡಿದಳು. ಅವಳ ರೆಸ್ಟ್ ಹೋಮಿನಲ್ಲಿ ಲಕ್ವ ಹೊಡೆದವರು ಬಹಳ ಜನ. ಕಾಲು ಬಿದ್ದುಹೋದರೆ ದಿನವೂ ನೋಡಬೇಕು, ನೋಡಿದ್ದನ್ನು ಬರೆಯಬೇಕು. ಅವಳು ಕಲಿತದ್ದು ಅದು. ಆದರೆ ನನ್ನ ಕಾಲಿಗೆ ಆ ಪರೀಕ್ಷೆಯ ಗುಟ್ಟು ತಿಳಿದುಹೋಗಿತ್ತು. ಬಲಗಾಲು ಎತ್ತುವಾಗಲೂ ನನ್ನ ಮನಸ್ಸೆಲ್ಲ ಎಡ ಹಿಮ್ಮಡಿಯಲ್ಲೇ ಇರುತ್ತಿತ್ತು. ಒಂದು ವಾರದಲ್ಲಿ ಆ ಒತ್ತುವಿಕೆಯೂ ನಿಂತಿತು. ಅವ್ವ ಹೊದಿಕೆಯನ್ನು ಅಂಚು ಹಿಡಿದು ಆಸ್ಪತ್ರೆಯ ಹಾಸಿಗೆಯ ಹಾಗೆ ಮಡಚಿಟ್ಟು ಎದ್ದುಹೋಗುತ್ತಿದ್ದಳು.

ನಾನೂ ಸುಮ್ಮನಿರಲಿಲ್ಲ. ದಿನಚರಿಯಲ್ಲಿ ಬೀಳುವುದನ್ನು ಬರೆಯತೊಡಗಿದೆ. ಬಿದ್ದಾಗೊಮ್ಮೆ ಒಂದು ಗೀಟು, ನಾಲ್ಕು ಗೀಟಿನ ಮೇಲೆ ಅಡ್ಡಗೀಟು. ಅಡಿಗೆಮನೆಗೆ ಒಂದು ಸಾಲು, ಬಚ್ಚಲಿಗೆ ಒಂದು ಸಾಲು. ಸಂಜೆ ಅವ್ವ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತಿದ್ದಳು. "ನಿನ್ನಿಗಿಂತ ಹೆಚ್ಚಾಗ್ಯಾವಲ್ಲ" ಎನ್ನುತ್ತಿದ್ದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಎಷ್ಟು ಶ್ರದ್ಧೆಯಿಂದ ಆ ಪುಟ ನೋಡುತ್ತಿದ್ದೆವೆಂದರೆ, ಹೊರಗಿನವರಿಗೆ ಇದೇ ಚಿಕಿತ್ಸೆ ಎನಿಸಬೇಕು.

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ಹೊರಗೆ ಮಳೆ. ನಾನು ಸೋಫಾದ ಮೇಲೆ ಕುಳಿತಿದ್ದೆ. ಅವ್ವ ಚಹಾ ಕೊಡುವಾಗ ಕಪ್ಪು ವಾಲಿ ಬಿಸಿ ಚಹಾ ನನ್ನ ಎಡಪಾದದ ಕಡೆಗೆ ಚೆಲ್ಲಿತು. ಪಾದ ಸರಕ್ಕನೆ ಹಿಂದಕ್ಕೆ ಸರಿಯಿತು. ನಾವಿಬ್ಬರೂ ಅದನ್ನು ನೋಡಿದೆವು.

"ಈಗ ಸರೀತಲ್ಲ!" ಎಂದಳು ಅವ್ವ.

"ಗೊತ್ತಿಲ್ಲವ್ವಾ. ಐ ಡಿಡಂಟ್ ಡೂ ಎನಿಥಿಂಗ್."

ಅವಳು ನೆಲದ ಮೇಲೆ ಕುಳಿತು ಚಹಾ ಒರೆಸಲು ಶುರುಮಾಡಿದಳು. ತಲೆ ಎತ್ತದೆ, ಬಹಳ ಮೆಲ್ಲಗೆ ಕೇಳಿದಳು. "ಕೃಪಾ, ಖರೇ ಹೇಳು. ನಾ ಬೈಯಂಗಿಲ್ಲ. ನೀ ಬೇಕಂತ ಮಾಡಾಕತ್ತಿಲ್ಲ, ಹೌದಿಲ್ಲೋ?"

"ಇಲ್ಲವ್ವಾ."

"ಆತು," ಎಂದಳು. ಚಹಾ ಹೋಗಿ ಎಷ್ಟೋ ಹೊತ್ತಾದ ಮೇಲೂ ಅದೇ ಜಾಗವನ್ನು ಒರೆಸುತ್ತಿದ್ದಳು. ಅವತ್ತಿನ ದಿನಚರಿಯಲ್ಲಿ "ಮಳೆ" ಎಂದಷ್ಟೇ ಇದೆ. ಇನ್ನು ನಡೆಯಲಾರೆನೇನೋ ಎಂಬ ಭಯ ನನಗಿತ್ತು, ನಿಜ. ಆದರೆ ಆ ಮಧ್ಯಾಹ್ನದಿಂದ ಅದಕ್ಕಿಂತ ದೊಡ್ಡದೊಂದು ಭಯ ಹುಟ್ಟಿತು. ನಾಳೆ ನಾನು ನಡೆದರೂ ಅವ್ವ, ಹಾಗಾದರೆ ಇಷ್ಟು ದಿನ ಯಾಕೆ ನಡೆಯಲಿಲ್ಲ ಎಂದುಕೊಂಡರೆ?

ಮುಂದಿನ ವಾರ ಜೋ ಅವರನ್ನು ನೋಡಲು ಹೋದೆವು. ಜೋ ಮಕ್ಕಳ ಮನಃಶಾಸ್ತ್ರಜ್ಞೆ, ಐವತ್ತರ ಆಸುಪಾಸಿನ ಹೆಂಗಸು. ಕಾರ್ಡಿಗನ್ ಮೇಲೆ ಸದಾ ನಾಯಿಯ ಕೂದಲು. ಅವರ ಕೋಣೆಯಲ್ಲಿ ಒಂದು ಬೋಗುಣಿ ತುಂಬ ಪೇರಲೆಯಂಥ ಹಸಿರು ಫಿಜೋವಾ ಹಣ್ಣು ಇತ್ತು. ಮನೆಯ ಮರದ ಕೊನೆಯ ಹಣ್ಣುಗಳು, ತೆಗೆದುಕೊಂಡು ಹೋಗದಿದ್ದರೆ ನಿಮ್ಮನ್ನು ಬಿಡುವುದಿಲ್ಲ ಎಂದರು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಮನೆಗೆ ಬಂದು ನಾನು ಕನ್ನಡದಲ್ಲಿ ಬರೆದಿಟ್ಟದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ನನ್ನನ್ನೇ ಕೇಳಿದರು. ಕಾಲು ಹೋಗುವ ಮುಂಚಿನ ಕ್ಷಣ ಹೇಗಿರುತ್ತದೆ? ನನಗೆ ಗೊತ್ತಿರಲಿಲ್ಲ. ಬಿದ್ದ ಮೇಲಿನದನ್ನು ನಾನು ಬರೆದಿದ್ದೆ, ಮೊದಲಿನದನ್ನು ನೋಡಿಯೇ ಇರಲಿಲ್ಲ. ಇನ್ನು ನೋಡು ಎಂದರು. ಆಮೇಲೆ ಅವ್ವನ ಕಡೆ ತಿರುಗಿ ಒಂದು ಕಾಗದ, ಪೆನ್ನು ಕೊಟ್ಟು ಸಹಿ ಮಾಡಿ ಎಂದರು. ಅವ್ವ ದಿನಕ್ಕೆ ಎಷ್ಟು ಸಲ ಸಹಿ ಹಾಕುವವಳು! ಚಕ್ಕನೆ ಹಾಕಿದಳು.

"ಈಗ ಇನ್ನೊಂದು ಸಲ. ಆದರೆ ಪ್ರತಿ ಗೆರೆಯನ್ನೂ ಯೋಚಿಸಿ. ಪೆನ್ನು ಎಲ್ಲಿ ತಿರುಗುತ್ತದೆ, ಬೆರಳು ಎಷ್ಟು ಒತ್ತುತ್ತದೆ, ಎಲ್ಲವನ್ನೂ ಗಮನಿಸುತ್ತ ಹಾಕಿ. ತಪ್ಪಬಾರದು."

ಅವ್ವ ಕನ್ನಡಕ ಸರಿಮಾಡಿಕೊಂಡಳು. ಮೊದಲ ಅಕ್ಷರದಲ್ಲೇ ಪೆನ್ನು ನಿಂತಿತು. ಮುಂದೆ ಹೋಯಿತು, ಅಲುಗಿತು. ಮುಗಿದಾಗ ಅದು ಒಂದನೇ ತರಗತಿಯ ಮಗು ಬರೆದಂತಿತ್ತು. ಅವ್ವನಿಗೆ ನಗು ಬಂತು. "ಅಯ್ಯ ನನ್ನವ್ವ! ಬ್ಯಾಂಕಿನವ್ರು ನನ್ನ ಹೊರಗ ಹಾಕ್ತಾರ" ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು.

ಜೋ ಕೂಡ ನಕ್ಕರು. ಆಮೇಲೆ ಕೇಳಿದರು. "ಬೇಕೆಂದು ಕೆಡಿಸಿದಿರಾ?"

"ಇಲ್ಲ" ಎಂದಳು ಅವ್ವ ತಟ್ಟನೆ. ಜೋ ಮತ್ತೆ ಕೇಳಿದರು, "ಕೈಗೆ ಏನಾದರೂ ರೋಗ ಇದೆಯಾ?" "ಇಲ್ಲ." ಅಷ್ಟು ಹೇಳಿದ ಮೇಲೆ ಅವಳು ಆ ಕಾಗದವನ್ನೇ ನೋಡುತ್ತ ಕುಳಿತಳು. ಎರಡು ಸಹಿ, ಒಂದರ ಕೆಳಗೊಂದು. ಸ್ವಲ್ಪ ಹೊತ್ತಿಗೆ ಅವಳ ಎಡಗೈ, ನನ್ನ ಕಡೆ ನೋಡದೆಯೇ, ನನ್ನ ಮೊಣಕಾಲಿನ ಮೇಲೆ ಬಂದು ಕುಳಿತಿತು. ಅದು ಪರೀಕ್ಷೆ ಮಾಡುವ ಕೈಯಾಗಿರಲಿಲ್ಲ. ವ್ಯತ್ಯಾಸ ನನ್ನ ಕಾಲಿಗೆ ಗೊತ್ತಾಯಿತು.

ಬೆಳಗಿನ ಪರೀಕ್ಷೆಯ ವಿಷಯ ಅವ್ವನೇ ಹೇಳಿದಳು, ತಾನು ಎಷ್ಟು ಸರಿಯಾಗಿ ಮಾಡುತ್ತಿದ್ದೇನೆ ಎಂದು ತಿಳಿಸಲು. ಜೋ ಗದರಲಿಲ್ಲ. ಅದನ್ನು ನಿಲ್ಲಿಸಬೇಕು ಎಂದರು, ಸಹಿ ಹಾಕುವಾಗ ಯಾರಾದರೂ ಹೆಗಲ ಮೇಲಿಂದ ಬಗ್ಗಿ ನೋಡಿದರೆ ಹೇಗಾಗುತ್ತದೋ ಇದೂ ಹಾಗೆ ಎಂದರು. ಬಿದ್ದರೂ ಓಡಿಬಂದು ಹಿಡಿಯಬಾರದು. ಪೆಟ್ಟಾಗುವ ಜಾಗವಲ್ಲದಿದ್ದರೆ ಇವಳೇ ಏಳಲಿ, ನೀವು ನಿಮ್ಮ ಮಾತು ಮುಂದುವರಿಸಿ. ನಡೆಯುವಾಗ ಕಾಲನ್ನು ನೋಡಬೇಡಿ.

"ನೋಡಬೇಡಿ ಅಂದರೆ? ನಾನು ನರ್ಸ್" ಎಂದಳು ಅವ್ವ.

"ಬೆಳಿಗ್ಗೆ ಆ ಹೊತ್ತಿನಲ್ಲಿ, ಇದಕ್ಕೆ ಮುಂಚೆ, ನೀವಿಬ್ಬರೂ ಏನು ಮಾಡುತ್ತಿದ್ದಿರಿ?"

ಅವ್ವ ಯೋಚಿಸಿದಳು. ಜಡೆ ಹಾಕುತ್ತಿದ್ದೆ ಎಂದಳು. ಎರಡು ಜಡೆ. ಮೂರು ವರ್ಷದ ಹಿಂದೆ ನಾನೇ ಬೇಡವೆಂದು ಪೋನಿಟೇಲ್ ಕಟ್ಟಿಕೊಳ್ಳಲು ಶುರುಮಾಡಿದ್ದೆ. ಜೋ ನನ್ನ ಕಡೆ ನೋಡಿದರು. ನಾನು ಹೆಗಲು ಹಾರಿಸಿದೆ. ಒಪ್ಪಿಗೆ ಎಂದು ಅದರ ಅರ್ಥ.

ಬೀಳುವ ಗೀಟುಗಳನ್ನೂ ಅವರಿಗೆ ತೋರಿಸಿದೆ. ಬಹಳ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿ, ಇನ್ನು ಮುಂದೆ ಇದರ ಬದಲು ದಿನವೆಲ್ಲ ಏನೇನು ಮಾಡಿದೆ ಎಂದು ಬರೆ ಎಂದರು. ಹಾಗಾಗಿ ಜೂನ್ ಕೊನೆಯ ವಾರ ನಮ್ಮ ಮನೆಯಲ್ಲಿ ಫಿಜೋವಾ ಚಟ್ನಿ ಆಗಿತ್ತು, ಅದಕ್ಕೆ ಅವ್ವ ಹಸಿಮೆಣಸಿನಕಾಯಿ ಹೆಚ್ಚು ಹಾಕಿದ್ದಳು, ಪಪ್ಪ ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ಕೆಲಸಕ್ಕೆ ಒಯ್ದರು ಎಂದೆಲ್ಲ ನಾನು ಇವತ್ತೂ ಹೇಳಬಲ್ಲೆ. ಆ ವಾರ ಎಷ್ಟು ಸಲ ಬಿದ್ದೆ ಎಂದು ಕೇಳಿದರೆ ಗೊತ್ತಿಲ್ಲ. ಬರೆದೇ ಇಲ್ಲ.

ವ್ಯಾಯಾಮ ಮಾಡಿಸುತ್ತಿದ್ದವರು ಸಿಯೊನೆ. ಟೋಂಗಾದವರು, ಬಾಗಿಲು ತುಂಬುವ ಆಳು, ಮೆಲುದನಿ. ಮೊದಲ ದಿನವೇ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ಮುಂದಕ್ಕೆ ಬೇಡ, ಹಿಂದಕ್ಕೆ ನಡೆ ಎಂದರು. ನಡೆದೆ! ಎರಡೂ ಕಾಲು ಸರಿಯಾಗಿ ಹಿಂದಕ್ಕೆ ಹೋದವು. ಹಿಂದಕ್ಕೆ ನಡೆಯುವುದು ಅಭ್ಯಾಸವಿಲ್ಲದ ಕೆಲಸ, ಅದಕ್ಕೆ ಮೆದುಳಿನಲ್ಲಿ ಕೆಟ್ಟ ರೂಢಿ ಬಿದ್ದಿಲ್ಲ ಎಂದರು ಸಿಯೊನೆ. ಕೆಲವು ದಿನ ಮನೆಯಲ್ಲೆಲ್ಲ ನಾನು ಹಿಂದಕ್ಕೇ ನಡೆದೆ. "ಹಿಂಗ ಹಿಂದಕ್ಕ ನಡಕೋಂತ ಗದಗ ಮುಟ್ಟತಿ ನೋಡು, ಟಿಕೀಟ ಉಳೀತು" ಎಂದರು ಪಪ್ಪ. ಮೇ ತಿಂಗಳಿಂದ ನಮ್ಮ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ನಿಲ್ಲುವುದೇ ಹೆಚ್ಚು ಕಷ್ಟವಾಗಿತ್ತು. ಅಡಿಗೆಮನೆಯ ಕಟ್ಟೆ ಹಿಡಿಯದೆ ನಿಂತರೆ ಮೊಣಕಾಲು ಬಾಗುತ್ತಿತ್ತು. ಮನೆಯಲ್ಲಿ ಎರಡೂ ಕೈ ಬೇಕಾಗುವ ಕೆಲಸ ಏನು ಮಾಡುತ್ತೀ ಎಂದು ಸಿಯೊನೆ ಕೇಳಿದರು. ರೊಟ್ಟಿ ತಟ್ಟುತ್ತೇನೆ ಎಂದೆ. ಹಾಗೆಂದರೇನು ಎಂದರು. ವಿವರಿಸಿದೆ. ಅರ್ಥವಾಗಲಿಲ್ಲ, ಹಿಟ್ಟು ತಂದು ನನಗೆ ಕಲಿಸು ಎಂದರು.

ಚಿಕಿತ್ಸಾಲಯದಲ್ಲಿ ಮಕ್ಕಳಿಗೆ ಕೆಲಸ ಅಭ್ಯಾಸ ಮಾಡಿಸಲು ಒಂದು ಸಣ್ಣ ಅಡಿಗೆಮನೆ ಇತ್ತು. ಮುಂದಿನ ಶುಕ್ರವಾರ ಅವ್ವ ಜೋಳದ ಹಿಟ್ಟು, ಹಂಚು, ನೀರು ಹಚ್ಚಲು ಬಟ್ಟೆ ಎಲ್ಲ ಹೊತ್ತು ತಂದಳು. ಕುದಿನೀರು ಹಾಕಿ ಹಿಟ್ಟು ನಾದಿದಳು. ನಾನು ಕಟ್ಟೆಗೆ ಹೊಟ್ಟೆ ಆನಿಸಿಕೊಂಡು ನಿಂತೆ. ಪಕ್ಕದಲ್ಲಿ ಸಿಯೊನೆ, ಅಗಲವಾದ ಅಂಗೈಗಳು. ಹಿಟ್ಟಿನ ಮುದ್ದೆ ಮುಂದಿಟ್ಟುಕೊಂಡು ಬಲಗೈಯಿಂದ ತಟ್ಟುತ್ತ ಎಡಗೈಯಿಂದ ತಿರುಗಿಸಬೇಕು, ತಾಳ ತಪ್ಪಿದರೆ ಅಂಚು ಒಡೆಯುತ್ತದೆ ಎಂದೆ. ಅವರದು ಮೊದಲ ಏಟಿಗೇ ಒಡೆಯಿತು.

"ಹಂಗಲ್ಲ, ಅಷ್ಟು ಜೋರಾಗಿ ಅಲ್ಲ! ಸ್ಲೋ, ಸ್ಲೋ, ಟರ್ನ್, ಟರ್ನ್" ಎಂದು ನಾನು ಕೂಗುತ್ತಿದ್ದೆ. ಅವರ ರೊಟ್ಟಿ ಯಾವುದೋ ದ್ವೀಪದ ನಕಾಶೆಯ ಹಾಗಾಯಿತು. ಟೋಂಗಾ ಇದೇ ಆಕಾರದಲ್ಲಿದೆ ಎಂದು ಅವರು ಆಣೆ ಮಾಡಿದರು. ನಾನು ನಗುತ್ತ ನನ್ನದನ್ನು ತಟ್ಟುತ್ತಿದ್ದೆ. ರೊಟ್ಟಿ ದೊಡ್ಡದಾದಂತೆ ಕೈ ಆಡಲು ಜಾಗ ಬೇಕಾಗಿ ಕಟ್ಟೆಯಿಂದ ಹಿಂದೆ ಸರಿದಿದ್ದೆ. ನನಗೆ ಅದು ಗೊತ್ತೇ ಆಗಲಿಲ್ಲ. ಹಂಚಿಗೆ ಹಾಕಿ ನೀರು ಸವರಿ ತಿರುವಿಹಾಕಿದ ಮೇಲೆ ಯಾಕೋ ಕೋಣೆ ನಿಶ್ಶಬ್ದವಾಗಿದೆ ಅನಿಸಿತು. ಅವ್ವ ನಮಗೆ ಬೆನ್ನು ಹಾಕಿ ಗೋಡೆಗೆ ಹಚ್ಚಿದ್ದ ಕೈ ತೊಳೆಯುವ ವಿಧಾನದ ಚಿತ್ರವನ್ನು ಓದುತ್ತಿದ್ದಳು. ನರ್ಸಮ್ಮ ಕೈ ತೊಳೆಯುವುದನ್ನು ಕಲಿಯುತ್ತಿದ್ದಾಳೆ!  ನೋಡಬೇಡಿ ಎಂದು ಜೋ ಹೇಳಿದ್ದರಲ್ಲ, ಅವಳು ನೋಡುತ್ತಿರಲಿಲ್ಲ.

ಇದಾದ ಮೇಲೆ ಮನೆಯಲ್ಲಿ ರೊಟ್ಟಿ ನನ್ನ ಕೆಲಸವಾಯಿತು. ರೊಟ್ಟಿ ಮುಗಿದ ಮೇಲೆ ಬುಟ್ಟಿ ಹಿಡಿದು ಮೇಜಿನವರೆಗೆ ಹೋಗುವುದು, ಅಲ್ಲಿಂದ ನಸೀಮಾ ಆಂಟಿಯ ಮನೆಗೆ ಎರಡು ರೊಟ್ಟಿ ಕೊಟ್ಟುಬರುವುದು. ಜೋ ಹಾಕಿಕೊಟ್ಟ ಕ್ರಮ ಅದು: ಮೊದಲು ಮನೆ, ಆಮೇಲೆ ಗೇಟು, ಮೂಲೆಯ ಡೇರಿ ಅಂಗಡಿ, ಆಮೇಲೆ ಶಾಲೆ, ಕೊನೆಗೆ ರೈಲು ನಿಲ್ದಾಣ. ಕಾಲು ಹೋಗುವ ಮುಂಚಿನ ಕ್ಷಣವೂ ನನಗೆ ಕಾಣತೊಡಗಿತ್ತು. ಆಗ ಉಸಿರು ಗಂಟಲಲ್ಲಿ ನಿಂತಿರುತ್ತಿತ್ತು, ದವಡೆ ಬಿಗಿದಿರುತ್ತಿತ್ತು, ಮನಸ್ಸಿನಲ್ಲಿ "ಈಗ ಬೀಳ್ತೀನಿ" ಎಂಬ ಮಾತಿರುತ್ತಿತ್ತು. ಉಸಿರು ಬಿಡು, ಪಾದ ಬಿಟ್ಟು ಬೇರೆ ಏನನ್ನಾದರೂ ನೋಡು, ರೊಟ್ಟಿಯ ತಾಳ ನೆನಪಿಸಿಕೋ.

ಒಂದು ದಿನ ಆಂಟಿಯ ಹೊಸ್ತಿಲಲ್ಲೇ ಬಿದ್ದೆ. ಆಂಟಿ ನನಗೆ ಶೇಂಗಾ ಹೋಳಿಗೆ ಮಾಡುವುದನ್ನು ಹೇಳುತ್ತಿದ್ದರು. ಅವ್ವ ಅವರಿಗೆ ಮೊದಲೇ ತಾಕೀತು ಮಾಡಿದ್ದಳು: ಬಿದ್ದರೆ ಹಿಡಿಯಬಾರದು, ಮಾತು ನಿಲ್ಲಿಸಬಾರದು. ಆಂಟಿಯ ಎರಡು ಕೈ ತಾವಾಗಿಯೇ ಮುಂದಕ್ಕೆ ಬಂದವು. ಹಿಂದಕ್ಕೆ ಎಳೆದುಕೊಂಡು ದುಪಟ್ಟಾದ ಅಂಚನ್ನು ಬಿಗಿಯಾಗಿ ಹಿಡಿದರು.

"ಹಾಂ, ಅದಕ್ಕ... ಶೇಂಗಾ ಹುರೀಬೇಕು ಬೇಟಾ... ಸಿಪ್ಪಿ ತಗೀಬೇಕು... ಯಾ ಅಲ್ಲಾ... ಬೆಲ್ಲ, ಬೆಲ್ಲ ಹಾಕಬೇಕು..." ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಹೋಳಿಗೆ ಮಾಡುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ಎದ್ದು, "ಯಾಲಕ್ಕಿ ಯಾವಾಗ ಹಾಕ್ಬೇಕು ಆಂಟಿ?" ಎಂದೆ.

"ಯಾಲಕ್ಕಿ ಹಾಳಾಗ್ಹೋಗ್ಲಿ!" ಎಂದು ಅತ್ತೇಬಿಟ್ಟರು.

ಆಗಸ್ಟಿನಲ್ಲಿ ಅರ್ಧ ದಿನಕ್ಕೆ ಶಾಲೆಗೆ ಹೋಗಲು ಶುರುಮಾಡಿದೆ. ಎರಡನೇ ವಾರ, ಎರಡು ತರಗತಿಗಳ ನಡುವಿನ ಗದ್ದಲದಲ್ಲಿ, ಕಾರಿಡಾರಿನ ನಡುವೆ ಬಿದ್ದೆ. ಹಿಂದಿನಿಂದ ಒಬ್ಬ ಹುಡುಗಿ, ನಮಗೆ ಬಿಡದ ಲಿಫ್ಟ್ ಹತ್ತುವಾಗ ಇವಳ ಕಾಲು ಸರಿಯಾಗೇ ಇರುತ್ತದೆ ಎಂದಳು. ಯಾರೋ ನಕ್ಕರು. ಅವತ್ತು ಏಳಲು ಆಗಲಿಲ್ಲ. ಗಾಲಿ ಕುರ್ಚಿ ಮತ್ತೆ ಹೊರಗೆ ಬಂತು. ಜೋ ಫೋನಿನಲ್ಲಿ, ಹೀಗಾಗುತ್ತದೆಂದು ಮೊದಲೇ ಹೇಳಿದ್ದೆನಲ್ಲ, ಇದು ಕಲಿತದ್ದನ್ನು ಅಳಿಸುವುದಿಲ್ಲ ಎಂದರು. ನನಗೆ ನಂಬಿಕೆ ಬರಲಿಲ್ಲ. ಅವ್ವನಿಗೆ ಬಂತೋ ಇಲ್ಲವೋ ನೋಡಲು ಕಾದಿದ್ದೆ.

ಮರುದಿನ ಬೆಳಿಗ್ಗೆ ಅವಳು ಬಂದಳು. ದಿನದಂತೆ ಜಡೆ ಹಾಕಲು ನನ್ನ ತಲೆದೆಸೆಗೆ ಬರಬೇಕಾದವಳು ಕಾಲದೆಸೆಗೆ ಹೋಗಿ ಕುಳಿತಳು. ನಾನು ಕಣ್ಣು ಮುಚ್ಚಿಕೊಂಡೆ. ಹೊದಿಕೆಯ ಅಂಚು ಸರಿಯಿತು. ತಣ್ಣನೆಯ ಬೆರಳು ಹಿಮ್ಮಡಿಗೆ ತಾಗಿತು. ಇನ್ನೇನು "ಒತ್ತು" ಎನ್ನುತ್ತಾಳೆ. ಬೆರಳು ಅಲ್ಲೇ ನಿಂತಿತು. ಆಮೇಲೆ ಹೊದಿಕೆಯನ್ನು ಮೊದಲಿನಂತೆ ಎಳೆದು, ಎದ್ದು ಬಂದು ನನ್ನ ಬೆನ್ನ ಹಿಂದೆ ಕುಳಿತಳು.

"ಏಳ ನಮ್ಮವ್ವ," ಎಂದಳು. "ತಲಿ ನೋಡು ಹ್ಯಾಂಗಾಗೈತಿ. ಹಕ್ಕಿ ಗೂಡು."

ಬಾಚಣಿಗೆ ಸಿಕ್ಕು ಬಿಡಿಸುತ್ತ ಹೋಯಿತು. ಅವಳು ಕಾಲಿನ ಮಾತೇ ಆಡಲಿಲ್ಲ. ರೆಸ್ಟ್ ಹೋಮಿನಲ್ಲಿ ಒಬ್ಬ ಅಜ್ಜ ತನ್ನ ಹಲ್ಲಿನ ಸೆಟ್ಟನ್ನು ಪಕ್ಕದ ಅಜ್ಜನ ಕಪ್ಪಿನಲ್ಲಿ ಹಾಕಿಟ್ಟು ದೊಡ್ಡ ಜಗಳವಾದದ್ದನ್ನು ಹೇಳಿದಳು. ಎರಡನೇ ಜಡೆಗೆ ರಿಬ್ಬನ್ ಕಟ್ಟಿದ ಮೇಲೆ, ನನಗೆ ಮುಖ ಕಾಣದ ಹಾಗೆ ಹಿಂದೆ ಇದ್ದುಕೊಂಡೇ ಹೇಳಿದಳು. "ಆ ಹುಡುಗಿಗೆ ಏನ್ ಗೊತ್ತು? ನಂಗೊತ್ತೈತಿ. ನೀ ಬೇಕಂತ ಒಂದ ದಿನಾನೂ ಮಾಡಿಲ್ಲ."

ನಾಲ್ಕು ದಿನಕ್ಕೆ ಗಾಲಿ ಕುರ್ಚಿ ಗ್ಯಾರೇಜಿಗೆ ವಾಪಸ್ ಹೋಯಿತು.

ಸೆಪ್ಟೆಂಬರಿನ ಒಂದು ಶನಿವಾರ, ಕೊನೆಯ ಮೆಟ್ಟಿಲು: ಮನೆಯಿಂದ ಮುಖ್ಯರಸ್ತೆ ಹಿಡಿದು ರೈಲು ನಿಲ್ದಾಣದವರೆಗೆ. ಕೋಲಿಲ್ಲ, ಕೈ ಹಿಡಿಯುವುದಿಲ್ಲ. ಅವ್ವ ಮುಂದೆ ಹೋಗಬೇಕು, ತಿರುಗಿ ನೋಡಬಾರದು. ಹಿಂದಿನ ದಿನ ಜೋ ಅವಳಿಂದ ಮಾತು ತೆಗೆದುಕೊಂಡಿದ್ದರು. ಅವ್ವ ಡ್ಯೂಟಿಯ ಶೂ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಬೆನ್ನು ಸೆಟೆಸಿ ಹೊರಟಳು. ನಾನು ಹಿಂದೆ. ಬೀದಿಯ ತುಂಬ ಸಮೋಸಾ ಕರಿಯುವ ವಾಸನೆ, ತರಕಾರಿ ಅಂಗಡಿಯ ಹೊರಗೆ ಬೆಂಡೆಕಾಯಿಯ ಪೆಟ್ಟಿಗೆಗಳು. ನಾನು ಅವ್ವನ ಹೆರಳಿನ ಪಿನ್ನನ್ನು ನೋಡುತ್ತ ನಡೆದೆ. ಬಂಗಾರದ ಬಣ್ಣ ಹೋದ ಪಿನ್ನು.

ಸೀರೆ ಅಂಗಡಿಯ ಮುಂದೆ ಅವಳು ನಿಂತಳು. ಗಾಜಿನ ಹಿಂದೆ ಹಸಿರು ಅಂಚಿನ ಹಳದಿ ಸೀರೆ ಉಡಿಸಿದ ಗೊಂಬೆ. ನಾನು ಹತ್ತಿರ ಬರುವವರೆಗೂ ನಿಂತು, ಮತ್ತೆ ಹೊರಟಳು. ಅದರಾಚೆಯ ಆಭರಣದ ಅಂಗಡಿಯ ಮುಂದೆ ನಿಂತಳು. ಮತ್ತೆ ಟ್ರಾವೆಲ್ ಏಜೆಂಟನ ಕಿಟಕಿಯ ಮುಂದೆ. ಅವ್ವನಿಗೆ ಸೀರೆಯ ಹುಚ್ಚಿಲ್ಲ, ಆಭರಣ ನಮ್ಮ ಚರ್ಚಿನವರು ಹೆಚ್ಚು ಹಾಕುವುದಿಲ್ಲ, ಊರಿಗೆ ಹೋಗುವ ಯೋಚನೆ ಆ ವರ್ಷ ಇರಲಿಲ್ಲ. ಮೂರನೇ ಗಾಜಿನಲ್ಲಿ ನನಗೆ ತಿಳಿಯಿತು. ಅವಳು ಗಾಜಿನ ಒಳಗಿನದನ್ನು ನೋಡುತ್ತಿರಲಿಲ್ಲ. ಗಾಜಿನ ಮೇಲೆ ಬಿದ್ದ ಬೀದಿಯನ್ನು, ಆ ಬೀದಿಯಲ್ಲಿ ಎರಡು ಜಡೆ ಹಾಕಿಕೊಂಡು ನಡೆದು ಬರುತ್ತಿದ್ದ ಹುಡುಗಿಯನ್ನು ನೋಡುತ್ತಿದ್ದಳು. ಕೊಟ್ಟ ಮಾತು ತಪ್ಪಿರಲಿಲ್ಲ. ಒಂದು ಸಲವೂ ತಿರುಗಿರಲಿಲ್ಲ.

ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಡೀಸೆಲ್ ರೈಲು ಬಂದು ಹೋಯಿತು, ನಾವು ಹತ್ತಲಿಲ್ಲ. "ಅಷ್ಟೊತ್ತು ಆ ಅಂಗಡಿ ಮುಂದ ಏನ್ ನೋಡಾಕತ್ತಿದ್ದಿ ಅವ್ವಾ?" ಎಂದು ಕೇಳಿದೆ.

"ಸೀರಿ" ಎಂದಳು, ಹಳಿಯ ಕಡೆ ಮುಖ ಮಾಡಿ.

ನವೆಂಬರಿನಲ್ಲಿ ಶಾಲೆಯ ಪರೀಕ್ಷೆಗೆ ನಾನು ನಡೆದೇ ಹೋದೆ. ಈಗಲೂ ಬಹಳ ದಣಿದಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ಗೋದಾಮಿನಲ್ಲಿ ದಿನವಿಡೀ ಸರಕು ಎಣಿಸುವ ಕೆಲಸ ನನ್ನದು. ಸಂಜೆ ಹೊತ್ತಿಗೆ ಅದು ಬಂದರೆ ಹೆದರುವುದಿಲ್ಲ, ಉಸಿರು ಬಿಟ್ಟು ಒಂದು ಕಡೆ ಒರಗಿಕೊಳ್ಳುತ್ತೇನೆ. ಕೇಟಿ ನೋಡಿದ್ದು ಅದನ್ನೇ.

ಈ ಜುಲೈನಲ್ಲಿ ರಜೆಗೆ ಪಾಪಟೊಯ್ಟೊಯಿಗೆ ಹೋಗಿದ್ದೆ. ಅವ್ವ ನಿಲ್ದಾಣಕ್ಕೆ ಬಂದಿದ್ದಳು. ಈಗ ವಿದ್ಯುತ್ ರೈಲು, ಬಂದದ್ದೇ ತಿಳಿಯುವುದಿಲ್ಲ. ನನ್ನ ಚೀಲ ಕಸಿದುಕೊಂಡು, "ಎಷ್ಟ್ ಸಣ್ಣಾಗಿ, ಏನ್ ತಿಂತೀ ಅಲ್ಲೆ?" ಎಂದು ಬೈಯುತ್ತ ಮುಂದೆ ನಡೆದಳು. ಅದೇ ಬೀದಿ, ಅದೇ ಸಮೋಸಾ ವಾಸನೆ. ಸೀರೆ ಅಂಗಡಿ ಹೋಗಿ ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಬಂದಿದೆ. ಗಾಜಿನ ಹಿಂದೆ ಫೋನಿನ ಕವರುಗಳು, ಚಾರ್ಜರುಗಳು, ಒಡೆದ ಪರದೆಗಳ ಒಂದು ಸಾಲು. ಅವ್ವ ಅದರ ಮುಂದೆ ನಿಂತಳು. ನಾನು ಬರುತ್ತಿದ್ದೆ. ಅವಳು ತಿರುಗಲಿಲ್ಲ.

"ಏನ್ ನೋಡಾಕತ್ತೀ ಅವ್ವಾ?"

"ಸೀರಿ" ಎಂದಳು.

ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಗಾಜಿನಲ್ಲಿ ನಾವಿಬ್ಬರೂ ಇದ್ದೆವು, ಹಿಂದೆ ಬೀದಿ ಹರಿಯುತ್ತಿತ್ತು. ಚಾರ್ಜರುಗಳ ಕಡೆ ಬೆರಳು ತೋರಿಸಿ ಹೇಳಿದೆ.

"ಆ ಹಸರ ಅಂಚಿಂದು ಛಲೋ ಐತಿ ನೋಡವ್ವಾ."